ಟೈಟಲ್ ಕುಣಿಯಲಿ, ಅಕ್ಷರ ಒಡೆಯದಿರಲಿ

ಮನೆಯಲ್ಲಿ ಏನೇ ಫಂಕ್ಷನ್ ಆಗಲಿ, ವಿಡಿಯೊ ಎಡಿಟ್ ಮಾಡೋ ಕೆಲಸ ಬಂದು ಬೀಳೋದು ಇಂಜಿನಿಯರಿಂಗ್ ಓದ್ತಿರೋರ ತಲೆ ಮೇಲೇ. ನಾವು ಓದ್ತಿರೋದು ಸಿವಿಲ್, ನಾವು ಓದ್ತಿರೋದು ಮೆಕ್ಯಾನಿಕಲ್ ಅಂದ್ರೂ ಯಾರೂ ಕೇಳಲ್ಲ. "ನಿಂಗೆ ಕಂಪ್ಯೂಟರ್ ಗೊತ್ತಲ್ವ, ಅಷ್ಟು ಮಾಡ್ಕೊಡೋ" ಅಂತ ಅತ್ತೆ, ಚಿಕ್ಕಪ್ಪ, ಪಕ್ಕದ ಮನೆ ಆಂಟಿ ಎಲ್ಲರೂ ಕ್ಲಿಪ್‌ಗಳನ್ನ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಬಿಡ್ತಾರೆ. ಕ್ಲಿಪ್ ಜೋಡಿಸೋದು, ಹಿಂದೆ ಒಂದು ಹಾಡು ಹಾಕೋದು ಒಂದು ಸಂಜೆಯ ಕೆಲಸ. ಕೈ ನಿಲ್ಲೋದು ಟೈಟಲ್ ಹತ್ತಿರ ಬಂದಾಗ.

ಇಂಗ್ಲಿಷ್ ಟೈಟಲ್ ಆದರೆ ತೊಂದರೆಯೇ ಇಲ್ಲ. ಒಂದು ಟೆಂಪ್ಲೇಟ್ ಎಳೆದು ಹಾಕಿ, ಹೆಸರು ಟೈಪ್ ಮಾಡಿದರೆ ಅಕ್ಷರಗಳು ಒಂದೊಂದಾಗಿ ಮೇಲಿಂದ ಉದುರುತ್ತವೆ, ತಿರುಗುತ್ತವೆ, ಹೊಳೆಯುತ್ತವೆ. ಅದೇ ಟೆಂಪ್ಲೇಟಿಗೆ ಕನ್ನಡ ಹಾಕಿ ನೋಡಿ. ಒತ್ತು ಒಂದು ಕಡೆ, ಗುಡಿಸು ಒಂದು ಕಡೆ. ಕೊನೆಗೆ "ಹೋಗ್ಲಿ, ಇಂಗ್ಲಿಷಲ್ಲೇ ಹಾಕೋಣ" ಅನ್ನೋ ತೀರ್ಮಾನಕ್ಕೆ ಬರ್ತೀವಿ. ಎಷ್ಟೋ ಮನೆಗಳಲ್ಲಿ ಲಗ್ನಪತ್ರಿಕೆ ಪೂರ್ತಿ ಕನ್ನಡದಲ್ಲಿರುತ್ತೆ, ಮದುವೆ ವಿಡಿಯೊ ಮಾತ್ರ ಇಂಗ್ಲಿಷಿನಲ್ಲಿ ಶುರುವಾಗುತ್ತೆ. ಆ ವಿಡಿಯೊವನ್ನ ಹತ್ತು ಸಲ ಹಾಕಿಸಿಕೊಂಡು ನೋಡೋರು ಅಜ್ಜಿ. ಅವರಿಗೆ ಓದೋಕೆ ಬರೋದು ಕನ್ನಡ ಮಾತ್ರ.

ಹಾಗಾಗಿ ಕನ್ನಡ ಟೈಟಲ್ ಯಾಕೆ ಒಡೆಯುತ್ತೆ, ಒಡೆಯದ ಹಾಗೆ ಅದನ್ನ ಚಲಿಸುವಂತೆ ಮಾಡೋದು ಹೇಗೆ ಅಂತ ಇಲ್ಲಿ ಬರೆದಿದ್ದೀವಿ. ದುಡ್ಡು ಕೊಟ್ಟು ಯಾವ ಸಾಫ್ಟ್‌ವೇರನ್ನೂ ಕೊಳ್ಳಬೇಕಾಗಿಲ್ಲ. ವಿಂಡೋಸ್ ಮೂವಿ ಮೇಕರ್ 2000ದಲ್ಲಿ ಬಂದು 2017ರಲ್ಲಿ ನಿಂತುಹೋಯಿತು. ಈಗ ವಿಂಡೋಸ್ 11ರ ಜೊತೆ ಕ್ಲಿಪ್‌ಚಾಂಪ್ ಬರುತ್ತೆ. ಕೆಡೆನ್‌ಲೈವ್, ಶಾಟ್‌ಕಟ್ ಎರಡೂ ಉಚಿತ, ಓಪನ್ ಸೋರ್ಸ್. ಡಾವಿಂಚಿ ರಿಸಾಲ್ವ್‌ಗೂ ಉಚಿತ ಆವೃತ್ತಿ ಇದೆ, ಆದರೆ ಹಾಸ್ಟೆಲಿನ ಹಳೆ ಲ್ಯಾಪ್‌ಟಾಪುಗಳು ಅದರ ಭಾರ ತಡೆಯಲ್ಲ.

ಮೊದಲು ಒಂದು ಸಣ್ಣ ಪ್ರಯೋಗ. ಪೈಥಾನ್ ತೆಗೆದು ಲೆನ್ ಫಂಕ್ಷನ್ನಿಗೆ "ಲಕ್ಷ್ಮಿ" ಅಂತ ಕೊಡಿ. ನಮ್ಮ ಕಣ್ಣಿಗೆ ಇರೋದು ಎರಡು ಅಕ್ಷರ: ಲ ಮತ್ತು ಕ್ಷ್ಮಿ. ಪೈಥಾನ್ ಹೇಳೋದು 7. ಯಾಕೆಂದರೆ ಯೂನಿಕೋಡ್‌ನಲ್ಲಿ ಆ ಪದ ಕೂತಿರೋದು ಹೀಗೆ: ಲ, ಕ, ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ, ಷ, ಮತ್ತೆ ವಿರಾಮ, ಮ, ಆಮೇಲೆ ಇಕಾರದ ಗುಡಿಸು. ಒಟ್ಟು ಏಳು ಕೋಡ್ ಪಾಯಿಂಟ್. ಕನ್ನಡಕ್ಕೆ ಯೂನಿಕೋಡ್‌ನಲ್ಲಿ ಮೀಸಲಿಟ್ಟಿರೋ ಜಾಗ 128. ಅದರಲ್ಲಿ ಕ್ಷ್ಮಿ ಅನ್ನೋದಕ್ಕಾಗಲಿ, ಸ್ತ್ರೀ ಅನ್ನೋದಕ್ಕಾಗಲಿ ಒಂದೊಂದು ಮನೆ ಇಲ್ಲ. ಇರಲೂಬಾರದು, ಯಾಕೆಂದರೆ ಎಲ್ಲಾ ಒತ್ತಕ್ಷರ, ಕಾಗುಣಿತ ಲೆಕ್ಕ ಹಾಕಿದರೆ ಸಾವಿರಾರು ಆಗುತ್ತವೆ. ಬಿಡಿ ಭಾಗಗಳನ್ನ ಇಟ್ಟುಕೊಂಡು, ತೆರೆಯ ಮೇಲೆ ಬರೆಯುವಾಗ ಜೋಡಿಸೋದು ಇಲ್ಲಿನ ಪದ್ಧತಿ.

ಆ ಜೋಡಿಸೋ ಕೆಲಸ ಮಾಡೋದಕ್ಕೆ ಶೇಪಿಂಗ್ ಎಂಜಿನ್ ಅಂತಾರೆ. ಹಾರ್ಫ್‌ಬಜ್ ಅನ್ನೋ ಓಪನ್ ಸೋರ್ಸ್ ಎಂಜಿನ್ ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರ ಒಳಗೂ ಇದೆ. ಕ ಆದಮೇಲೆ ವಿರಾಮ, ಆಮೇಲೆ ಷ ಬಂದಿದೆ, ಹಾಗಾದರೆ ಫಾಂಟಿನಲ್ಲಿರೋ ಕ್ಷ ಆಕಾರ ತೆಗೆದುಕೊ ಅಂತ ನಿರ್ಧಾರ ಮಾಡೋದು ಅದೇ. ಎಡಿಟಿಂಗ್ ಸಾಫ್ಟ್‌ವೇರ್ ಈ ಎಂಜಿನ್ನನ್ನ ಕೇಳದೆ ತಾನೇ ಒಂದೊಂದು ಕೋಡ್ ಪಾಯಿಂಟನ್ನ ಸಾಲಾಗಿ ಇಟ್ಟರೆ ಕ, ಅದರ ಪಕ್ಕ ತೇಲಾಡೋ ವಿರಾಮ, ಅದರ ಪಕ್ಕ ಷ ಬರುತ್ತೆ. ಇದು ಮೊದಲನೇ ರೀತಿಯ ಒಡೆತ, ನೋಡಿದ ತಕ್ಷಣ ಗೊತ್ತಾಗುತ್ತೆ. ಇದನ್ನ ಕಂಡುಹಿಡಿಯೋದು ಸುಲಭ, ಸರಿಮಾಡೋದೂ ಸುಲಭ: ಬೇರೆ ಸಾಫ್ಟ್‌ವೇರ್ ಬಳಸಿ. ಕೆಡೆನ್‌ಲೈವ್, ಶಾಟ್‌ಕಟ್ ಎರಡೂ ಕ್ಯೂಟಿ ಅನ್ನೋ ಚೌಕಟ್ಟಿನ ಮೇಲೆ ಕಟ್ಟಿದವು, ಕ್ಯೂಟಿ ಒಳಗೆ ಹಾರ್ಫ್‌ಬಜ್ ಇದೆ, ಅಲ್ಲಿ ನಿಂತ ಟೈಟಲ್ ಸರಿಯಾಗೇ ಬರುತ್ತೆ. ಪ್ರೀಮಿಯರ್ ಪ್ರೊ ಇರೋರು ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ಟೆಕ್ಸ್ಟ್ ಎಂಜಿನ್ ಆಯ್ಕೆ ಇದ್ದರೆ ಅದನ್ನ ಸೌತ್ ಏಷ್ಯನ್ ಕಡೆಗೆ ಬದಲಾಯಿಸಿ, ಆಮೇಲೆ ಹೊಸದಾಗಿ ಟೈಪ್ ಮಾಡಿ.

ಎರಡನೇ ರೀತಿಯ ಒಡೆತವೇ ಮೋಸದ್ದು. ಟೈಟಲ್ ನಿಂತಿದ್ದಾಗ ಸರಿಯಾಗಿರುತ್ತೆ, ಚಲಿಸೋಕೆ ಶುರುಮಾಡಿದಾಗ ಒಡೆಯುತ್ತೆ.

ಟೈಪ್‌ರೈಟರ್ ಎಫೆಕ್ಟ್ ತೆಗೆದುಕೊಳ್ಳಿ. ಒಂದೊಂದೇ ಅಕ್ಷರ ಮೂಡೋ ಎಫೆಕ್ಟ್, ಎಲ್ಲರಿಗೂ ಇಷ್ಟ. ಆದರೆ ಸಾಫ್ಟ್‌ವೇರ್ "ಒಂದು ಅಕ್ಷರ" ಅಂದುಕೊಂಡಿರೋದು ಒಂದು ಕೋಡ್ ಪಾಯಿಂಟನ್ನ. ರಾಜ್ಯೋತ್ಸವದ ವಿಡಿಯೊಗೆ "ಕರ್ನಾಟಕ" ಅಂತ ಹಾಕಿದರೆ ಏನಾಗುತ್ತೆ ನೋಡಿ. ಮೊದಲು ಕ. ಆಮೇಲೆ ಕರ. ಆಮೇಲೆ ಕರ್. ಇಲ್ಲಿವರೆಗೆ ಪರವಾಗಿಲ್ಲ. ಮುಂದೆ ನ ಬಂದ ಕೂಡಲೇ ದೊಡ್ಡದಾಗಿ ಕೂತಿದ್ದ ರ ಮಾಯವಾಗಿ, ಅದರ ಜಾಗಕ್ಕೆ ನ ಬಂದು, ರಕಾರ ಹೋಗಿ ನ ಪಕ್ಕದಲ್ಲಿ ಅರ್ಕಾವತ್ತಾಗಿ ಕೂರುತ್ತೆ. ಒಂದು ಫ್ರೇಮಿನಲ್ಲಿ ಆಗೋ ಈ ಜಿಗಿತ ನೋಡೋರಿಗೆ ಏನೋ ಎಗರಿತು ಅನ್ನಿಸುತ್ತೆ, ಏನು ಅಂತ ಗೊತ್ತಾಗಲ್ಲ. ನಮ್ಮ ರಾಜ್ಯದ ಹೆಸರೇ ಟೈಪ್‌ರೈಟರ್ ಎಫೆಕ್ಟಿನಲ್ಲಿ ನೆಟ್ಟಗೆ ಮೂಡಲ್ಲ ಅನ್ನೋದು ತಮಾಷೆಯೂ ಹೌದು, ಬೇಜಾರೂ ಹೌದು.

ಇನ್ನು ಅಕ್ಷರಗಳು ಒಂದೊಂದಾಗಿ ಉದುರೋ ಎಫೆಕ್ಟ್ ಇದಕ್ಕಿಂತ ಕೆಟ್ಟದ್ದು. ಅಲ್ಲಿ ಪ್ರತಿ ತುಂಡನ್ನೂ ಬೇರೆ ಬೇರೆಯಾಗಿ ಬಿಡಿಸುವ ಸಾಫ್ಟ್‌ವೇರ್ ಇದ್ದರೆ, ಗುಡಿಸು, ಕೊಂಬು ಇವೆಲ್ಲ ತಮ್ಮ ವ್ಯಂಜನವನ್ನ ಕಳೆದುಕೊಂಡು ಒಂಟಿಯಾಗುತ್ತವೆ. ಆಧಾರ ಇಲ್ಲದ ಚಿಹ್ನೆ ಸಿಕ್ಕರೆ ಶೇಪಿಂಗ್ ಎಂಜಿನ್ ಅದಕ್ಕೊಂದು ಚುಕ್ಕಿ ಚುಕ್ಕಿಯ ಸುತ್ತು ಹಾಕಿ ಕೊಡುತ್ತೆ. ನೀವೆಲ್ಲ ನೋಡಿರ್ತೀರ ಆ ಸುತ್ತನ್ನ. ಅದು ಕನ್ನಡದ ಅಕ್ಷರ ಅಲ್ಲ, "ಇಲ್ಲೊಂದು ವ್ಯಂಜನ ಇರಬೇಕಿತ್ತು, ಎಲ್ಲಿ?" ಅಂತ ಎಂಜಿನ್ ಕೇಳ್ತಿರೋ ಪ್ರಶ್ನೆ.

ನಮ್ಮ ಕ್ಲಬ್ಬಿನ ಒಬ್ಬಳ ಅಕ್ಕನ ಮದುವೆಗೆ ದುಡ್ಡು ಕೊಟ್ಟೇ ಮಾಡಿಸಿದ ವಿಡಿಯೊದಲ್ಲಿ ಲಕ್ಷ್ಮಿ ಅನ್ನೋ ಹೆಸರು ಹೀಗೇ ಮೂರು ತುಂಡಾಗಿ ಬಂದಿತ್ತು. ಅದು ತೀರಿಹೋದ ಅವರಜ್ಜಿಯ ಹೆಸರು, ಮೊದಲ ಸ್ಲೈಡಿನಲ್ಲಿ ಫೋಟೊ ಕೆಳಗೆ ಹಾಕಿದ್ದು. ಸರಿಮಾಡಿ ಅಂತ ಕೇಳಿದರೆ "ಸಾಫ್ಟ್‌ವೇರಲ್ಲಿ ಕನ್ನಡ ಅಷ್ಟೇ ಮೇಡಂ ಬರೋದು" ಅಂದರಂತೆ. ಅಷ್ಟೇ ಬರೋದು ಅನ್ನೋದು ಸುಳ್ಳು. ಬರೋ ದಾರಿಗಳು ಮೂರಿವೆ.

ಮೊದಲನೆಯದು, ನಮಗೆ ಅತಿ ಇಷ್ಟವಾದದ್ದು: ಅಕ್ಷರವನ್ನ ಮುಟ್ಟಲೇಬೇಡಿ, ಮುಂದಿನ ಪರದೆಯನ್ನ ಸರಿಸಿ. ಪೂರ್ತಿ ಟೈಟಲ್ ಒಂದೇ ಸಲ ಸರಿಯಾಗಿ ಬರೆದಿಡಿ. ಅದರ ಮೇಲೆ ಒಂದು ಮಾಸ್ಕ್ ಅಥವಾ ಕ್ರಾಪ್ ಹಾಕಿ, ಅದು ಎಡದಿಂದ ಬಲಕ್ಕೆ ತೆರೆದುಕೊಳ್ಳೋ ಹಾಗೆ ಎರಡು ಕೀಫ್ರೇಮ್ ಕೊಡಿ. ಶುರುವಿನ ಕೀಫ್ರೇಮಿನಲ್ಲಿ ಅಗಲ ಸೊನ್ನೆ, ಒಂದು ಸೆಕೆಂಡ್ ಆದಮೇಲಿನ ಕೀಫ್ರೇಮಿನಲ್ಲಿ ಪೂರ್ತಿ ಅಗಲ. ಸಾಫ್ಟ್‌ವೇರ್ ಪದವನ್ನ ಮೊದಲೇ ಜೋಡಿಸಿ ಚಿತ್ರ ಮಾಡಿಕೊಂಡಿರುತ್ತೆ, ನಾವು ಆ ಚಿತ್ರವನ್ನ ಸ್ವಲ್ಪ ಸ್ವಲ್ಪವಾಗಿ ತೋರಿಸ್ತಿದೀವಿ ಅಷ್ಟೇ. ಅರ್ಕಾವತ್ತು ಎಗರೋ ಪ್ರಶ್ನೆಯೇ ಬರಲ್ಲ. ಮಾಸ್ಕಿನ ಅಂಚನ್ನ ಸ್ವಲ್ಪ ಮೆದುವಾಗಿಸಿದರೆ ಯಾರೋ ಕುಂಚದಲ್ಲಿ ಬರೆದ ಹಾಗೆ ಕಾಣುತ್ತೆ. ಶಾಟ್‌ಕಟ್‌ನಲ್ಲಿ ಇದನ್ನ ಮಾಡೋದು ಹೀಗೆ: ಪಾರದರ್ಶಕ ಕಲರ್ ಕ್ಲಿಪ್ ಒಂದನ್ನ ವಿಡಿಯೊದ ಮೇಲಿನ ಟ್ರ್ಯಾಕಿನಲ್ಲಿಡಿ, ಅದಕ್ಕೆ ಟೆಕ್ಸ್ಟ್ ಫಿಲ್ಟರ್ ಹಾಕಿ, ಅದರ ಕೆಳಗೆ ಸಿಂಪಲ್ ಶೇಪ್ ಮಾಸ್ಕ್ ಫಿಲ್ಟರ್ ಹಾಕಿ. ಟೆಕ್ಸ್ಟ್ ಮೊದಲು, ಮಾಸ್ಕ್ ಆಮೇಲೆ. ಈ ಕ್ರಮ ತಿರುಗಿದರೆ ಮಾಸ್ಕ್ ಖಾಲಿ ಕ್ಲಿಪ್ಪಿಗೆ ಹತ್ತಿ, ಟೆಕ್ಸ್ಟ್ ಹಾಯಾಗಿ ಪೂರ್ತಿ ನಿಂತಿರುತ್ತೆ.

ಎರಡನೆಯದು, ಅಕ್ಷರ ಅಕ್ಷರವಾಗಿಯೇ ಮೂಡಬೇಕು ಅಂತ ಹಟ ಇದ್ದರೆ. ತಾತನ ಎಂಬತ್ತು ತುಂಬಿದ ಸಮಾರಂಭಕ್ಕೆ "ಸಹಸ್ರಚಂದ್ರದರ್ಶನ" ಅಂತ ಟೈಟಲ್ ಇದೆ ಅನ್ನಿ. ಕೋಡ್ ಪಾಯಿಂಟ್ ಲೆಕ್ಕದಲ್ಲಿ ಇದು 15, ನಮ್ಮ ಲೆಕ್ಕದಲ್ಲಿ 8. ಸಾಫ್ಟ್‌ವೇರಿನ ಎಣಿಕೆ ಬಿಟ್ಟು ನಮ್ಮ ಎಣಿಕೆ ಹಿಡಿಯಿರಿ: ಎಂಟು ಟೈಟಲ್ ಮಾಡಿ. ಮೊದಲನೆಯದರಲ್ಲಿ ಸ. ಎರಡನೆಯದರಲ್ಲಿ ಸಹ. ಮೂರನೆಯದರಲ್ಲಿ ನೇರವಾಗಿ ಸಹಸ್ರ. ಹೀಗೆ ಎಂಟನೆಯದಕ್ಕೆ ಪೂರ್ತಿ ಪದ. ಒಂದೊಂದನ್ನ ನಾಲ್ಕು ಫ್ರೇಮ್ ಇಟ್ಟು ಒಂದರ ಪಕ್ಕ ಒಂದು ಜೋಡಿಸಿದರೆ 32 ಫ್ರೇಮ್, 30 ಫ್ರೇಮಿನ ವಿಡಿಯೊದಲ್ಲಿ ಒಂದು ಸೆಕೆಂಡಿಗಿಂತ ಚೂರು ಜಾಸ್ತಿ. ಒಂದೇ ಎಚ್ಚರಿಕೆ, ಎಂಟಕ್ಕೂ ಎಡಕ್ಕೆ ಅಲೈನ್ ಮಾಡಿ ಒಂದೇ ಜಾಗದಿಂದ ಶುರುಮಾಡಿ. ಮಧ್ಯಕ್ಕೆ ಅಲೈನ್ ಮಾಡಿದರೆ ಹೊಸ ಅಕ್ಷರ ಬಂದಾಗಲೆಲ್ಲ ಹಿಂದಿನವು ಪಕ್ಕಕ್ಕೆ ಸರೀತಾ ಹೋಗ್ತವೆ. ಇಷ್ಟು ಕೈಕೆಲಸ ಬೇಡ ಅನ್ನೋರು ಕೆಡೆನ್‌ಲೈವಿನ ಟೈಟಲ್ ಕಿಟಕಿಯಲ್ಲಿ ಟೈಪ್‌ರೈಟರನ್ನ ಪದದ ಲೆಕ್ಕಕ್ಕೆ ಬದಲಾಯಿಸಿಕೊಳ್ಳಬಹುದು. ಒಂದೊಂದು ಪದ ಇಡಿಯಾಗಿ ಮೂಡುತ್ತೆ, ಒಳಗೆ ಏನೂ ಒಡೆಯಲ್ಲ.

ಮೂರನೆಯದು ಫೋನಿನಲ್ಲಿ ಎಡಿಟ್ ಮಾಡೋರಿಗೆ. ಆಂಡ್ರಾಯ್ಡ್‌ನಲ್ಲಿ ಕನ್ನಡ ಸರಿಯಾಗಿ ಜೋಡಣೆಯಾಗುತ್ತೆ, ಆದರೆ ಆ್ಯಪ್‌ಗಳು ಕೊಡೋ ನೂರಾರು ಫಾಂಟುಗಳಲ್ಲಿ ಬಹುಪಾಲು ಇಂಗ್ಲಿಷಿನವು. ನೀವು ಇಪ್ಪತ್ತು ಫಾಂಟ್ ಬದಲಾಯಿಸಿದರೂ ಕನ್ನಡ ಒಂದೇ ಥರ ಕಾಣ್ತಿದ್ದರೆ ಕಾರಣ ಅದೇ: ಆ ಫಾಂಟಿನಲ್ಲಿ ಕನ್ನಡ ಇಲ್ಲ, ಸಿಸ್ಟಮ್ ತನ್ನ ಹತ್ತಿರ ಇರೋ ಕನ್ನಡ ಫಾಂಟನ್ನ ಅಲ್ಲಿ ತುಂಬ್ತಿದೆ. ಇದಕ್ಕೆ ಉಪಾಯ, ಟೈಟಲನ್ನ ಬೇರೆ ಕಡೆ ಚಿತ್ರವಾಗಿ ಮಾಡಿಕೊಂಡು ತರೋದು. ಇಂಕ್‌ಸ್ಕೇಪ್‌ನಲ್ಲಿ ಬೇಕಾದ ಕನ್ನಡ ಫಾಂಟಿನಲ್ಲಿ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಆಗಿ ಎಕ್ಸ್‌ಪೋರ್ಟ್ ಮಾಡಿ, ಕೈನ್‌ಮಾಸ್ಟರ್‌ನಂಥ ಆ್ಯಪ್‌ನಲ್ಲಿ ಲೇಯರ್ ಆಗಿ ಸೇರಿಸಿ, ಆ ಲೇಯರಿಗೆ ಆ್ಯನಿಮೇಶನ್ ಕೊಡಿ. ಟೈಟಲ್ ದೊಡ್ಡದಾಗ್ತಾ ಬರೋ ಎಫೆಕ್ಟ್ ಇದ್ದರೆ ಚಿತ್ರವನ್ನ ಬೇಕಾದ್ದಕ್ಕಿಂತ ಎರಡು ಪಟ್ಟು ದೊಡ್ಡದು ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ಅಂಚು ಮಸುಕಾಗುತ್ತೆ. ಒಂದು ಅನನುಕೂಲ ಹೇಳಲೇಬೇಕು: ಹೆಸರಿನಲ್ಲಿ ತಪ್ಪಿದ್ದರೆ ಮತ್ತೆ ಇಂಕ್‌ಸ್ಕೇಪಿಗೇ ಹೋಗಬೇಕು.

ಫಾಂಟಿನ ಮಾತು ಬಂತಲ್ಲ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗೋ ಅನೇಕ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ, ಬೆನ್ನೆ, ನೋಟೊ ಸೆರಿಫ್ ಕನ್ನಡ ಇವುಗಳನ್ನ ಒಮ್ಮೆ ಬರೆದು ನೋಡಿ. ಬಾಲೂ ತಮ್ಮ ದಪ್ಪ, ಗುಂಡುಗುಂಡು, ಮಗುವಿನ ಹುಟ್ಟುಹಬ್ಬಕ್ಕೆ ಹೇಳಿ ಮಾಡಿಸಿದ್ದು. ಅದನ್ನೇ ತಂದು ವೈಕುಂಠ ಸಮಾರಾಧನೆಯ ವಿಡಿಯೊಗೆ ಹಾಕಬೇಡಿ. ತಿರೋ ಪುಸ್ತಕದ ಅಕ್ಷರದ ಹಾಗಿದೆ, ಹಿರಿಯರ ಹೆಸರಿಗೆ ಚೆನ್ನಾಗಿ ಒಪ್ಪುತ್ತೆ. ಪ್ರಿಂಟಿಂಗ್ ಪ್ರೆಸ್ಸಿನವರು ಲಗ್ನಪತ್ರಿಕೆಯ ಮ್ಯಾಟರ್ ಕಳಿಸಿದ್ದನ್ನ ಕಾಪಿ ಮಾಡಿದರೆ ಕೆಲವು ಸಲ ಇಂಗ್ಲಿಷ್ ಅಕ್ಷರಗಳ ಗಜಿಬಿಜಿ ಬರುತ್ತೆ. ಅದು ನುಡಿ ಥರದ ಹಳೆ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರೋದು. ಕನ್ವರ್ಟರ್‌ನಿಂದ ಯೂನಿಕೋಡ್ ಮಾಡಿಕೊಳ್ಳಿ, ಇಲ್ಲವೇ ಎರಡು ಸಾಲು ತಾನೇ, ಕೂತು ಟೈಪ್ ಮಾಡಿಬಿಡಿ.

ಟೆಂಪ್ಲೇಟ್ ಮಾಡಿದವರು ಕನ್ನಡವನ್ನ ಮನಸ್ಸಿನಲ್ಲಿಟ್ಟುಕೊಂಡಿರಲ್ಲ ಅನ್ನೋದು ಗೊತ್ತಾಗೋದು ಹೆಸರಿನ ಪಟ್ಟಿಯಲ್ಲಿ. ತೆರೆಯ ಕೆಳಗೆ ಬರೋ ಆ ಬಣ್ಣದ ಪಟ್ಟಿಯ ಎತ್ತರ ಇಂಗ್ಲಿಷಿಗೆ ಅಳೆದದ್ದು. ನಮ್ಮ ಒತ್ತುಗಳು ಗೆರೆಯಿಂದ ಕೆಳಗೆ ಇಳೀತವೆ. ಪಟ್ಟಿಯ ಒಳಗಿನ ಮಾಸ್ಕ್ ಅವನ್ನ ಕತ್ತರಿಸಿಬಿಟ್ಟರೆ "ಅಮ್ಮ" ಹೋಗಿ "ಅಮ" ಆಗುತ್ತೆ, "ಅಪ್ಪ" ಹೋಗಿ "ಅಪ" ಆಗುತ್ತೆ. ಅಕ್ಷರ ಒಡೆದಿದ್ದರೆ ಯಾರಾದರೂ ಗಮನಿಸ್ತಾರೆ, ಇದು ತಪ್ಪು ಪದವಾಗಿ ಸುಮ್ಮನೆ ದಾಟಿಹೋಗುತ್ತೆ. ಪಟ್ಟಿಯನ್ನ ಎತ್ತರಿಸಿ, ಇಲ್ಲಾ ಅಕ್ಷರವನ್ನ ಚಿಕ್ಕದು ಮಾಡಿ. ಎರಡು ಸಾಲಿನ ಟೈಟಲ್ ಆದರೆ ಸಾಲುಗಳ ಅಂತರವನ್ನೂ ಹೆಚ್ಚಿಸಿ. ಮೇಲಿನ ಸಾಲಿನಲ್ಲಿ "ಶಾಸ್ತ್ರ" ಇದ್ದು ಕೆಳಗಿನ ಸಾಲಿನಲ್ಲಿ "ಕೀರ್ತಿ" ಇದ್ದರೆ ಒಂದರ ಕಾಲು ಇನ್ನೊಂದರ ತಲೆಗೆ ತಾಗುತ್ತೆ.

ಅಕ್ಷರಗಳ ನಡುವೆ ಜಾಗ ಬಿಟ್ಟು ದೊಡ್ಡದಾಗಿ ಹರಡೋದು ಇಂಗ್ಲಿಷ್ ಟೈಟಲ್‌ಗಳ ಈಗಿನ ಫ್ಯಾಷನ್. ಕನ್ನಡದಲ್ಲಿ ಅದನ್ನ ಸೊನ್ನೆಗೇ ಬಿಡಿ, ಜಾಗ ಬಿಟ್ಟರೆ ಎಷ್ಟೋ ಕಡೆ ಗುಡಿಸು, ದೀರ್ಘ ಎಲ್ಲಾ ಬೇರೆಯಾಗ್ತವೆ. ಬರೀ ಹೊರಗೆರೆ ಕಾಣೋ ಟೈಟಲ್ ಮಾಡುವಾಗಲೂ ಹಾಗೇ: ವ್ಯಂಜನ ಒಂದು ತುಂಡು, ಒತ್ತು ಒಂದು ತುಂಡು ಆಗಿರೋದರಿಂದ ಎರಡೂ ಸೇರೋ ಕಡೆ ಒಳಗೊಂದು ಗೆರೆ ಅಡ್ಡ ಬರುತ್ತೆ. ಇಂಕ್‌ಸ್ಕೇಪ್‌ನಲ್ಲಿ ಪಾತ್ ಮಾಡಿಕೊಂಡು ಯೂನಿಯನ್ ಕೊಟ್ಟರೆ ಆ ಗೆರೆ ಹೋಗುತ್ತೆ.

ಚಲನೆಯ ಬಗ್ಗೆ ನಾವು ಕಲಿತ ಗಣಿತ ಇಲ್ಲಿ ಕೆಲಸಕ್ಕೆ ಬರುತ್ತೆ. ಎರಡು ಕೀಫ್ರೇಮ್ ನಡುವೆ ಸಾಫ್ಟ್‌ವೇರ್ ತಾನಾಗಿ ಸಮವೇಗ ಕೊಡುತ್ತೆ. ಟೈಟಲ್ ಒಂದೇ ವೇಗದಲ್ಲಿ ಬಂದು ದಢಕ್ಕನೆ ನಿಲ್ಲುತ್ತೆ, ಗೋಡೆಗೆ ಹೊಡೆದ ಹಾಗೆ. ಬಸ್ಸು ಸ್ಟಾಪಿಗೆ ಬಂದು ನಿಲ್ಲೋ ಥರ ನಿಧಾನವಾಗಬೇಕು ಅಂದರೆ ಈಸ್ ಔಟ್ ಆಯ್ಕೆ ಮಾಡಿ. ಕ್ಯೂಬಿಕ್ ಈಸ್ ಔಟ್‌ನಲ್ಲಿ ಅರ್ಧ ಸಮಯ ಮುಗಿಯೋ ಹೊತ್ತಿಗೆ ದೂರದ ಎಂಟರಲ್ಲಿ ಏಳು ಭಾಗ ಮುಗಿದಿರುತ್ತೆ. ಅಂದರೆ 400 ಪಿಕ್ಸೆಲ್ ದೂರವನ್ನ 20 ಫ್ರೇಮಿನಲ್ಲಿ ದಾಟಿಸಿದರೆ ಮೊದಲ 10 ಫ್ರೇಮಿನಲ್ಲಿ 350, ಉಳಿದ 50 ಪಿಕ್ಸೆಲ್ ಕೊನೆಯ 10 ಫ್ರೇಮಿನಲ್ಲಿ. ಕಣ್ಣಿಗೆ ಇದು ತೂಕ ಇರೋ ವಸ್ತುವಿನ ಹಾಗೆ ಕಾಣುತ್ತೆ. ಒಂದು ಟೈಟಲಿಗೆ ಒಂದು ಚಲನೆ ಸಾಕು ಅನ್ನೋದು ನಮ್ಮ ಅಭಿಪ್ರಾಯ. ತಿರುಗಿ, ಹಾರಿ, ಹೊಳೆದು, ಹೊಗೆಯಾಗಿ ಹೋಗೋ ಹೆಸರನ್ನ ಓದೋಕೆ ಯಾರಿಗೂ ಪುರುಸೊತ್ತು ಸಿಗಲ್ಲ. ನಿಂತ ಮೇಲೆ ಎಷ್ಟು ಹೊತ್ತು ಇರಬೇಕು? ಗಟ್ಟಿಯಾಗಿ ಎರಡು ಸಲ ಓದಿ, ಅಷ್ಟು ಹೊತ್ತು. ಕನ್ನಡಕ ಹುಡುಕಿಕೊಳ್ಳೋರು ಮನೆಯಲ್ಲಿದ್ದರೆ ಇನ್ನೂ ಸ್ವಲ್ಪ.

ಬಣ್ಣದ ವಿಷಯ ಬೇಗ ಮುಗಿಸ್ತೀವಿ. ಫೋನಿನ ವಿಡಿಯೊಗಳಲ್ಲಿ ಸಾಮಾನ್ಯವಾಗಿ ಬೆಳಕಿನ ಮಾಹಿತಿ ಪ್ರತಿ ಪಿಕ್ಸೆಲ್ಲಿಗೂ ಇರುತ್ತೆ, ಬಣ್ಣದ ಮಾಹಿತಿ ಮಾತ್ರ ನಾಲ್ಕು ಪಿಕ್ಸೆಲ್ಲಿಗೆ ಒಂದು. ಹಾಗಾಗಿ ಬರೀ ಬಣ್ಣದ ವ್ಯತ್ಯಾಸ ನಂಬಿಕೊಂಡ ಟೈಟಲ್, ಉದಾಹರಣೆಗೆ ಹಸಿರಿನ ಮೇಲೆ ಕೆಂಪು, ಅಂಚಿನಲ್ಲಿ ಕದಡಿಹೋಗುತ್ತೆ. ರಾಜ್ಯೋತ್ಸವಕ್ಕೆ ಅರಿಶಿನ ಕುಂಕುಮ ಬಣ್ಣ ಬೇಕೇ ಬೇಕು ಅಂದರೆ ಕೆಂಪನ್ನ ಸ್ವಲ್ಪ ಕಪ್ಪಾಗಿಸಿ, ಅದರ ಮೇಲೆ ಹಳದಿ ಅಕ್ಷರ ಹಾಕಿ. ಬೆಳಕಿನ ವ್ಯತ್ಯಾಸವೂ ಸಿಗುತ್ತೆ. ಕೊನೆಗೆ ಈ ವಿಡಿಯೊ ಹೋಗೋದು ವಾಟ್ಸ್‌ಆ್ಯಪ್ ಫ್ಯಾಮಿಲಿ ಗ್ರೂಪಿಗೆ, ಅಲ್ಲಿ ಮತ್ತೆ ಕುಗ್ಗುತ್ತೆ. ತೆಳು ಗೆರೆಯ ಫಾಂಟಿನಲ್ಲಿ ಮೊದಲು ಅಳಿಸಿಹೋಗೋದು ಒತ್ತುಗಳೇ. ದಪ್ಪ ಫಾಂಟ್ ಹಾಕಿ, ಗ್ರೂಪಿಗೆ ಬಿಡೋ ಮುಂಚೆ ನಿಮ್ಮ ರೂಮ್‌ಮೇಟ್‌ಗೆ ಒಂದು ಸಲ ಕಳಿಸಿ, ಅವರ ಫೋನಿನಲ್ಲಿ ಓದೋಕಾಗುತ್ತಾ ನೋಡಿ.

ಇನ್ನೊಂದು ಕೆಲಸ ಸಾಫ್ಟ್‌ವೇರ್ ತೆರೆಯೋ ಮುಂಚೆಯೇ ಆಗಬೇಕು. ನಮ್ಮಲ್ಲಿ ತುಂಬಾ ಜನ ಓದಿದ್ದು ಇಂಗ್ಲಿಷ್ ಮೀಡಿಯಂ, ನೆಂಟರ ಹೆಸರುಗಳು ನಮಗೆ ಗೊತ್ತಿರೋದು ಫೋನಿನ ಕಾಂಟ್ಯಾಕ್ಟ್‌ನಲ್ಲಿರೋ ಇಂಗ್ಲಿಷ್ ಸ್ಪೆಲಿಂಗ್‌ನಿಂದ. ಅದರಿಂದ ಕನ್ನಡಕ್ಕೆ ಬರೆದರೆ ಸಾವಿತ್ರಮ್ಮನಾ ಸಾವಿತ್ರಿಯಮ್ಮನಾ, ನಾಗರತ್ನನಾ ನಾಗರತ್ನಮ್ಮನಾ, ಲಕಾರ ಎಲ್ಲಿ ಳಕಾರ ಎಲ್ಲಿ, ಒಂದೂ ಗೊತ್ತಾಗಲ್ಲ. ಮನೆಗೆ ಫೋನ್ ಮಾಡಿ, ಬರಬೇಕಾದ ಹೆಸರುಗಳನ್ನೆಲ್ಲ ಒಂದು ಹಾಳೆ ಮೇಲೆ ಕನ್ನಡದಲ್ಲಿ ಬರೆದು ಫೋಟೊ ಕಳಿಸೋಕೆ ಹೇಳಿ. ಬರೆಯೋಕೆ ಅಜ್ಜಿಯನ್ನೇ ಕೂರಿಸಿದರೆ ಇನ್ನೂ ಒಳ್ಳೇದು, ಯಾರ ಹೆಸರು ಮೊದಲು ಬರಬೇಕು ಅನ್ನೋದನ್ನೂ ಅವರೇ ಹೇಳಿಬಿಡ್ತಾರೆ.